ಸೋಲಾರ್ ಪ್ಯಾನಲ್ ತೊಳೆಯುವ ಬಗೆ: ಉಜ್ಜಿ ಕೆಟ್ಟವನೊಬ್ಬನ ಕೈಪಿಡಿ

ನಮ್ಮ ಮನೆಯ ಮೇಲೆ ಹತ್ತು ಸೋಲಾರ್ ಪ್ಯಾನಲ್‌ಗಳಿವೆ. ಅವುಗಳಲ್ಲಿ ಏಳನೆಯದರ ಕೆಳಮೂಲೆಯಲ್ಲಿ ಅಂಗೈ ಅಗಲದ ಒಂದು ಮಬ್ಬು ಇದೆ. ಬೆಳಗಿನ ಓರೆ ಬಿಸಿಲಿನಲ್ಲಿ ಅದು ಕನ್ನಡಿಗೆ ಉಸಿರು ತಾಗಿದಂತೆ ಕಾಣುತ್ತದೆ. ಎಷ್ಟು ಒರೆಸಿದರೂ ಹೋಗದು, ಏಕೆಂದರೆ ಅದು ಕೊಳೆಯಲ್ಲ, ನನ್ನದೇ ಕೈಕೆಲಸ. ಪ್ಯಾನಲ್ ಹಾಕಿಸಿದ ಮೊದಲ ವರ್ಷ, ಸುಡುವ ಮಧ್ಯಾಹ್ನವೊಂದರಲ್ಲಿ, ಪಾತ್ರೆ ತಿಕ್ಕುವ ಹಸಿರು ನಾರನ್ನು ಹಿಡಿದು ಒಣಗಿದ ಹಕ್ಕಿಹಿಕ್ಕೆಯೊಂದರ ಮೇಲೆ ಹಟ ಸಾಧಿಸಿದ್ದೆ. ಹಿಕ್ಕೆ ಹೋಯಿತು. ಹೋಗುವಾಗ ಗಾಜಿನ ಮೇಲಿನ ಲೇಪವನ್ನೂ ಕರೆದುಕೊಂಡು ಹೋಯಿತು.

ಮೂವತ್ತು ವರ್ಷ ವಿದ್ಯುತ್ ಕೆಲಸದಲ್ಲೇ ಕೈ ಮಸಿ ಮಾಡಿಕೊಂಡವನು ನಾನು. ಮೋಟಾರುಗಳಿಗೆ ತಂತಿ ಸುತ್ತಿದ್ದೇನೆ, ಮನೆಗಳಿಗೆ ವೈರಿಂಗ್ ಮಾಡಿದ್ದೇನೆ. ಪ್ಯಾನಲ್‌ನ ಹಿಂಬದಿಯ ತಂತಿಗಳ ವಿಚಾರದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಮುಂಬದಿಯ ಗಾಜನ್ನು ಮಾತ್ರ ಕಿಟಕಿ ಗಾಜಿನ ಅಣ್ಣ ಎಂದುಕೊಂಡಿದ್ದೆ. ಆ ಅಣ್ಣನ ಸ್ವಭಾವವೇ ಬೇರೆ ಎಂದು ಗೊತ್ತಾದದ್ದು ಕೆಡಿಸಿಕೊಂಡ ಮೇಲೆ.

ಪ್ಯಾನಲ್‌ನ ಗಾಜು ಸಾಮಾನ್ಯವಾಗಿ 3.2 ಮಿಲಿಮೀಟರ್ ದಪ್ಪವಿರುತ್ತದೆ. ಎರಡೂ ಬದಿಗೆ ಗಾಜಿರುವ ಪ್ಯಾನಲ್‌ಗಳಲ್ಲಿ 2 ಮಿಲಿಮೀಟರಿನದೂ ಇರುತ್ತದೆ. ಬರಿಯ ಗಾಜು ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇ. 4ರಷ್ಟನ್ನು ಹಿಂದಕ್ಕೆ ಕಳುಹಿಸಿಬಿಡುತ್ತದೆ. ಆ ನಷ್ಟವನ್ನು ತಗ್ಗಿಸಲು ಗಾಜಿನ ಹೊರಮೈಗೆ ಸಿಲಿಕಾದ ಒಂದು ತೆಳು ಲೇಪ ಕೊಟ್ಟಿರುತ್ತಾರೆ. ಎಷ್ಟು ತೆಳು ಎಂದರೆ ಸುಮಾರು 100 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು. ಪಾತ್ರೆಯ ತಳ ಹಿಡಿದದ್ದನ್ನು ಕೆರೆಯಲು ಹುಟ್ಟಿದ ನಾರಿನ ಮುಂದೆ ಅದು ಎಷ್ಟು ಹೊತ್ತು ನಿಂತೀತು?

ನಾರಿನ ಮಾತು ಬಿಡಿ, ಧೂಳೇ ಸಾಕು. ಧೂಳಿನಲ್ಲಿ ಸ್ಫಟಿಕ ಶಿಲೆಯ ಕಣಗಳಿರುತ್ತವೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಸ್ಫಟಿಕ ಶಿಲೆಯ ಅಂಕ 7, ಗಾಜಿನದು ಸುಮಾರು ಐದೂವರೆಯಿಂದ ಆರು. ಗಟ್ಟಿಯದು ಮೆತ್ತನೆಯದನ್ನು ಗೀರುತ್ತದೆ. ಹಾಗಾಗಿ ಒಣ ಧೂಳನ್ನು ಒಣ ಬಟ್ಟೆಯಿಂದ ಒರೆಸುವವನು ಗಾಜಿಗೆ ಉಪ್ಪು ಕಾಗದ ತಿಕ್ಕುತ್ತಿದ್ದಾನೆ ಎಂದೇ ಲೆಕ್ಕ. ಬಟ್ಟೆ ಎಷ್ಟು ಮೃದುವಾಗಿದ್ದರೂ ಅಷ್ಟೇ. ಗೀರುವುದು ಬಟ್ಟೆಯಲ್ಲ, ಅದರಡಿಯಲ್ಲಿ ಸಿಕ್ಕಿಕೊಂಡ ಕಣ. ಕೂತ ಧೂಳು ಇಂದಲ್ಲ ನಾಳೆ ಮಳೆಗೆ ಹೋದೀತು, ಬಿದ್ದ ಗೀರಿಗೆ ಔಷಧವಿಲ್ಲ. ಈ ಕೆಲಸದಲ್ಲಿ ನನ್ನ ಎಲ್ಲ ನಿಯಮಗಳೂ ಇಲ್ಲಿಂದಲೇ ಹೊರಟಿವೆ.

ತೊಳೆಯುವುದು ಬೇಕೇ ಎಂದು ಮೊದಲು ನೋಡಿ

ಇಷ್ಟು ದಿನಕ್ಕೊಮ್ಮೆ ತೊಳೆಯಲೇಬೇಕು ಎಂದು ಯಾರಾದರೂ ಸಾರಾಸಗಟಾಗಿ ಹೇಳಿದರೆ ನಾನು ನಂಬುವುದಿಲ್ಲ. ಸಾಕಷ್ಟು ಇಳಿಜಾರಾಗಿ ಕೂರಿಸಿದ ಪ್ಯಾನಲ್ ಮೇಲಿನ ಸಾದಾ ಧೂಳನ್ನು ಒಂದು ಒಳ್ಳೆಯ ಮಳೆ ತೊಳೆದುಕೊಂಡು ಹೋಗುತ್ತದೆ. ಮಳೆಯಿಂದ ಆಗದ ಕೆಲಸಗಳು ಮೂರು ನಾಲ್ಕಿವೆ: ಒಣಗಿ ಅಂಟಿದ ಹಕ್ಕಿಹಿಕ್ಕೆ, ಮರದ ಅಂಟು, ವಾಹನಗಳ ಹೊಗೆಯ ಜಿಡ್ಡು, ಮತ್ತು ಕೆಳ ಅಂಚಿನಲ್ಲಿ ನಿಲ್ಲುವ ಕೆಸರಿನ ಪಟ್ಟಿ.

ಕೊನೆಯದನ್ನು ಜನ ಗಮನಿಸುವುದೇ ಇಲ್ಲ. ಪ್ಯಾನಲ್ ಹೆಚ್ಚು ಮಟ್ಟಸವಾಗಿದ್ದರೆ, ಅಂದರೆ ಇಳಿಜಾರು ಹತ್ತು ಡಿಗ್ರಿಗಿಂತ ಕಡಿಮೆಯಿದ್ದರೆ, ಮಳೆಯ ನೀರು ಕೆಳಗಿನ ಅಲ್ಯೂಮಿನಿಯಂ ಚೌಕಟ್ಟಿನ ಬಳಿ ತಡೆದು ನಿಲ್ಲುತ್ತದೆ. ನೀರು ಆರಿದಾಗ ಅದು ಹೊತ್ತುತಂದ ಮಣ್ಣು ಅಲ್ಲೇ ಉಳಿಯುತ್ತದೆ. ಎರಡು ಬೆರಳಗಲದ ಆ ಪಟ್ಟಿಯೇನು ಮಹಾ ಎನಿಸಬಹುದು. ಆದರೆ ಬೆಳಕನ್ನು ವಿದ್ಯುತ್ ಮಾಡುವ ಪ್ಯಾನಲ್‌ನೊಳಗಿನ ಕೋಶಗಳು ಒಂದರ ಹಿಂದೆ ಒಂದು ಸರಪಣಿಯಂತೆ ಜೋಡಣೆಯಾಗಿರುತ್ತವೆ. ಒಂದು ಕೋಶಕ್ಕೆ ಕತ್ತಲಾದರೆ ಇಡೀ ಸರಪಣಿಯ ಕರೆಂಟು ಅದರ ಅಳತೆಗೆ ಇಳಿಯುತ್ತದೆ. ಪ್ಯಾನಲ್ಲನ್ನು ಅದರ ಉದ್ದ ಬದಿ ಮೇಲಿನಿಂದ ಕೆಳಕ್ಕೆ ಬರುವಂತೆ ಕೂರಿಸಿದ್ದರೆ ಒಳಗಿನ ಮೂರು ಸರಪಣಿಗಳೂ ಆ ಕೆಳಸಾಲಿನ ಮೂಲಕವೇ ಹಾದು ಬರುತ್ತವೆ. ಕೋಶಗಳನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ ಈಚಿನ ಪ್ಯಾನಲ್‌ಗಳಲ್ಲಿ ಮೇಲರ್ಧ ಬೇರೆಯಾಗಿ ದುಡಿಯುವುದರಿಂದ ಪೆಟ್ಟು ಕಡಿಮೆ. ಹಳೆಯವಕ್ಕೆ ಆ ಭಾಗ್ಯವಿಲ್ಲ.

ಹಿಕ್ಕೆಯ ಕಥೆಯೂ ಇದೇ, ಇನ್ನೊಂದಿಷ್ಟು ಕೆಟ್ಟದಾಗಿ. ಎಲ್ಲೆಡೆ ಸಮನಾಗಿ ಕೂತ ಧೂಳು ಬೆಳಕನ್ನು ಎಲ್ಲ ಕೋಶಗಳಿಗೂ ಸಮನಾಗಿ ಕಡಿತ ಮಾಡುತ್ತದೆ. ಹಿಕ್ಕೆಯಾದರೋ ಒಂದೇ ಕೋಶವನ್ನು ಮುಚ್ಚುತ್ತದೆ. ಮುಚ್ಚಿದ ಆ ಕೋಶ ವಿದ್ಯುತ್ ಮಾಡುವ ಬದಲು ಉಳಿದ ಕೋಶಗಳು ಮಾಡಿದ್ದನ್ನು ತಿಂದು ಬಿಸಿಯಾಗತೊಡಗುತ್ತದೆ. ಇದನ್ನು ತಡೆಯಲೆಂದೇ ಹಿಂಬದಿಯಲ್ಲಿ ತಂತಿಗಳು ಸೇರುವ ಜಂಕ್ಷನ್ ಬಾಕ್ಸ್‌ನಲ್ಲಿ, ಕರೆಂಟು ಆ ಸರಪಣಿಯನ್ನು ಬಳಸಿಕೊಂಡು ಹೋಗಲು ಬೇರೆ ದಾರಿ ಕೊಡುವ ಬೈಪಾಸ್ ಡಯೋಡ್‌ಗಳು ಸಾಮಾನ್ಯವಾಗಿ ಮೂರಿರುತ್ತವೆ. ಆದರೂ ತಿಂಗಳುಗಟ್ಟಲೆ ಬಿಸಿಯಾದ ಜಾಗ ಕಂದಿ, ಕಂದು ಬಣ್ಣಕ್ಕೆ ತಿರುಗುವುದನ್ನು ನಾನು ನೋಡಿದ್ದೇನೆ. ಆದ್ದರಿಂದ ತೆಳು ಧೂಳಿಗೆ ನಾನು ಏಣಿ ತೆಗೆಯುವುದಿಲ್ಲ, ಹಿಕ್ಕೆ ಕಂಡರೆ ಬಿಡುವುದೂ ಇಲ್ಲ.

ಉತ್ಪಾದನೆ ಕುಸಿದಿದೆಯೇ ಎಂದು, ಪ್ಯಾನಲ್‌ನ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಮಾರ್ಪಡಿಸುವ ಇನ್ವರ್ಟರ್‌ನ ಲೆಕ್ಕದಿಂದ ತಿಳಿಯಬಹುದು. ಆದರೆ ಹೋಲಿಸುವಾಗ ನ್ಯಾಯವಾಗಿ ಹೋಲಿಸಿ. ಮೋಡವಿಲ್ಲದ ಎರಡು ದಿನಗಳನ್ನು, ಒಂದೇ ಹೊತ್ತಿನಲ್ಲಿ, ಹೆಚ್ಚೂಕಡಿಮೆ ಒಂದೇ ಋತುವಿನಲ್ಲಿ ನೋಡಬೇಕು. ಬಿಸಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಸಿಲಿಕಾನ್ ಪ್ಯಾನಲ್ ಒಂದೊಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದಂತೆ ಅದರ ಶಕ್ತಿ ಸುಮಾರು ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಸೆಕೆಯ ದಿನ ಇಪ್ಪತ್ತು ಡಿಗ್ರಿ ಹೆಚ್ಚು ಕಾದ ಪ್ಯಾನಲ್ ಶೇ. ಆರರಿಂದ ಎಂಟರಷ್ಟು ಕಡಿಮೆ ಕೊಟ್ಟರೆ ಅದಕ್ಕೆ ಧೂಳನ್ನು ಬೈಯುವುದು ಅನ್ಯಾಯ.

ಧೂಳಿನ ಮಾತು ಬಂದಾಗ ನನಗೆ ಮಂಗಳ ಗ್ರಹ ನೆನಪಾಗುತ್ತದೆ. 2004ರಲ್ಲಿ ಅಲ್ಲಿಗೆ ಇಳಿದ ಆಪರ್ಚುನಿಟಿ ಎಂಬ ಬಂಡಿ ಪ್ಯಾನಲ್‌ಗಳ ಬಲದಿಂದಲೇ ಬದುಕಿತ್ತು. ತೊಳೆಯಲು ಯಾರಿದ್ದಾರೆ? ಆಗಾಗ ಬೀಸುವ ಗಾಳಿಯೇ ಅದರ ಧೂಳು ಹಾರಿಸಿ, 90 ದಿನದ ಲೆಕ್ಕದಲ್ಲಿ ಹೋದ ಬಂಡಿಯನ್ನು 2018ರ ದೊಡ್ಡ ಧೂಳುಬಿರುಗಾಳಿಯವರೆಗೆ ಬದುಕಿಸಿತು. ಅನಂತರ ಅಲ್ಲಿಗೆ ಹೋದ ಇನ್‌ಸೈಟ್ ಎಂಬ ನೌಕೆಗೆ ಅಂಥ ಗಾಳಿ ಸಿಗಲಿಲ್ಲ. 2021ರಲ್ಲಿ ಅದರ ಯಂತ್ರದ ಕೈಯಿಂದ ಪ್ಯಾನಲ್ ಬಳಿ ಮರಳು ಸುರಿಸಿ, ಗಾಳಿಗೆ ಹಾರುವ ಮರಳಿನ ಕಣಗಳಿಂದಲೇ ಧೂಳನ್ನು ಎಬ್ಬಿಸಿದರು. ಸ್ವಲ್ಪ ಶಕ್ತಿ ಮರಳಿ ಬಂತು. 2022ರ ಕೊನೆಗೆ ಧೂಳೇ ಗೆದ್ದಿತು. ಮನೆಯಲ್ಲಿ ಮರಳಿನ ಪ್ರಯೋಗ ಬೇಡ.

ಆರಿಸಿದ ಮೇಲೂ ಆರದ ವಿದ್ಯುತ್ತು

ಈಗ ನನ್ನ ಸ್ವಂತ ವೃತ್ತಿಯ ಮಾತು. ಸ್ವಿಚ್ ಆರಿಸಿದೆ, ಇನ್ನು ಪ್ಯಾನಲ್‌ನಲ್ಲಿ ಕರೆಂಟಿಲ್ಲ ಎಂದು ಬುದ್ಧಿವಂತರೂ ನಂಬುತ್ತಾರೆ. ಬೆಳಕು ಬೀಳುತ್ತಿರುವವರೆಗೆ ಪ್ಯಾನಲ್‌ನ ತುದಿಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಸೂರ್ಯನಿಗೆ ಸ್ವಿಚ್ಚಿಲ್ಲ. ಮನೆಗಳ ಮೇಲೆ ಹಾಕುವ ಒಂದು ಪ್ಯಾನಲ್ ಸುಮಾರು 40ರಿಂದ 50 ವೋಲ್ಟ್ ಕೊಡುತ್ತದೆ. ಹತ್ತನ್ನು ಸಾಲಾಗಿ ಜೋಡಿಸಿದರೆ 400ರಿಂದ 500 ವೋಲ್ಟ್, ಅದೂ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು. ಮುಂಜಾನೆಯ ಮಂದ ಬೆಳಕಿನಲ್ಲೂ ವೋಲ್ಟೇಜ್ ಬೇಗನೆ ಮೇಲೇರುತ್ತದೆ. ಆಗ ಕಡಿಮೆಯಿರುವುದು ಕರೆಂಟು ಮಾತ್ರ.

ಡಿಸಿಯ ಕಿಡಿಗೂ ಎಸಿಯ ಕಿಡಿಗೂ ವ್ಯತ್ಯಾಸವಿದೆ. ಮನೆಗೆ ಬರುವ 50 ಹರ್ಟ್ಸ್‌ನ ಎಸಿ ದಿಕ್ಕು ಬದಲಿಸುತ್ತಾ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ. ಹೊತ್ತಿದ ಕಿಡಿ ಆ ಸೊನ್ನೆಯಲ್ಲಿ ಆರಲು ಅವಕಾಶವಿದೆ. ಡಿಸಿಗೆ ಆ ಬಿಡುವೇ ಇಲ್ಲ. ಕರೆಂಟು ಹರಿಯುತ್ತಿರುವಾಗ, ಪ್ಯಾನಲ್ ತಂತಿಗಳನ್ನು ಜೋಡಿಸುವ ಕನೆಕ್ಟರ್ ಎಳೆದರೆ ಕಿಡಿ ಉದ್ದಕ್ಕೆ ಹೊತ್ತಿಕೊಂಡು ಪ್ಲಾಸ್ಟಿಕ್ಕನ್ನೂ ಬೆರಳನ್ನೂ ಸುಡುತ್ತದೆ. ತೊಳೆಯಲು ಹೋದವರಿಗೆ ಕನೆಕ್ಟರ್ ಬಳಿ ಯಾವ ಕೆಲಸವೂ ಇಲ್ಲ. ಮುಟ್ಟಬೇಡಿ, ಎಳೆಯಬೇಡಿ, ನೀರು ಹಾರಿಸಬೇಡಿ.

ನಾನು ಮಾಡುವ ಕ್ರಮ ಇದು. ಮೊದಲು ಇನ್ವರ್ಟರ್‌ನ ಎಸಿ ಕಡೆಯ ಸ್ವಿಚ್ ಆರಿಸುತ್ತೇನೆ. ಅಲ್ಲಿಗೆ ಇನ್ವರ್ಟರ್ ಕರೆಂಟು ಎಳೆಯುವುದನ್ನು ನಿಲ್ಲಿಸುತ್ತದೆ. ಆಮೇಲೆ ಡಿಸಿ ಐಸೊಲೇಟರ್, ಅಂದರೆ ಪ್ಯಾನಲ್ ಕಡೆಯ ಸಂಪರ್ಕ ತಪ್ಪಿಸುವ ಸ್ವಿಚ್ಚನ್ನು ಆರಿಸುತ್ತೇನೆ. ಕೆಲವು ಇನ್ವರ್ಟರ್‌ಗಳ ಮೈಮೇಲೆ ಅಂಟಿಸಿದ ಸೂಚನೆಯಲ್ಲಿ ಬೇರೆ ಕ್ರಮವಿರಬಹುದು. ಹಾಗಿದ್ದರೆ ಆ ಸೂಚನೆಯೇ ಸರಿ, ನಾನಲ್ಲ. ಇಷ್ಟಾದ ಮೇಲೂ ಮಾಡಿನ ಮೇಲಿನ ತಂತಿಗಳು ಜೀವಂತವಾಗಿವೆ ಎಂದೇ ತಿಳಿದು ನಡೆದುಕೊಳ್ಳುತ್ತೇನೆ. ಕೈಗಡಿಯಾರ, ಉಂಗುರ, ಬಳೆ, ಕೊರಳ ಸರ ಎಲ್ಲವೂ ಕೆಳಗೇ ಉಳಿಯಬೇಕು.

ನೀರು ಮುಟ್ಟುವ ಮುನ್ನ ಒಂದು ಸುತ್ತು ಕಣ್ಣು ಹಾಯಿಸಿ. ಗಾಜು ಜೇಡನ ಬಲೆಯಂತೆ ಬಿರುಕು ಬಿಟ್ಟಿದೆಯೇ? ಎಲ್ಲಿಯಾದರೂ ಸುಟ್ಟ ಕಲೆ ಇದೆಯೇ? ತಂತಿ ಜೋತುಬಿದ್ದು ಮಾಡಿಗೆ ತಾಗುತ್ತಿದೆಯೇ, ಇಲಿ ಕಚ್ಚಿ ಅದರ ಹೊರಕವಚ ಹರಿದಿದೆಯೇ? ಇವುಗಳಲ್ಲಿ ಒಂದು ಕಂಡರೂ ಆ ದಿನ ತೊಳೆಯುವ ಮಾತಿಲ್ಲ. ಬಿರುಕಿನೊಳಗೆ ನೀರು ಇಳಿದರೆ ಪ್ಯಾನಲ್‌ನ ಲೋಹದ ಚೌಕಟ್ಟಿಗೇ ವಿದ್ಯುತ್ ಸೋರಬಹುದು. ಕೆಲಸ ಬಲ್ಲವರನ್ನು ಕರೆಸಿ.

ಏಣಿ

ವಿದ್ಯುತ್ತಿಗಿಂತ ನಾನು ಏಣಿಗೆ ಹೆಚ್ಚು ಹೆದರುತ್ತೇನೆ. ಕಾರಣ ನನ್ನ ಬಲಗಾಲಿನ ಹರಡಿನಲ್ಲಿದೆ. ಒಂದು ಕೈಯಲ್ಲಿ ತುಂಬಿದ ಬಕೆಟ್ ಹಿಡಿದುಕೊಂಡು ಹತ್ತುತ್ತಿದ್ದಾಗ ಆರನೆಯ ಮೆಟ್ಟಿಲಿನಿಂದ ಕೆಳಗೆ ಬಂದಿದ್ದೆ. ಆರು ಮೆಟ್ಟಿಲು ಎಂದರೆ ಎತ್ತರವೇ ಅಲ್ಲ ಎಂದುಕೊಂಡಿದ್ದವನು ಆರು ವಾರ ಕುಂಟಿದೆ.

ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಮೊದಲ ಆಯ್ಕೆ ನೆಲದ ಮೇಲೆಯೇ ನಿಂತು ತೊಳೆಯುವುದು. ಉದ್ದಕ್ಕೆ ಎಳೆಯಬಹುದಾದ ಕೋಲಿನ ತುದಿಗೆ ಬ್ರಷ್ ಸಿಕ್ಕಿಸಿ, ಹೋಸ್ ಪೈಪು ಹಿಡಿದರೆ ಒಂದು ಅಂತಸ್ತಿನ ಮನೆಯ ಪ್ಯಾನಲ್‌ಗಳಲ್ಲಿ ಬಹುಪಾಲು ಕೈಗೆಟಕುತ್ತವೆ. ಹತ್ತಿರದಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಲೋಹದ ಕೋಲನ್ನೂ ಲೋಹದ ಏಣಿಯನ್ನೂ ಅಲ್ಲಿ ಎತ್ತಲೇಬೇಡಿ. ಸಮತಟ್ಟಾದ ತಾರಸಿ ಇದ್ದವರು ಪುಣ್ಯವಂತರು. ಪ್ಯಾನಲ್ ಸಾಲುಗಳ ನಡುವೆ ನಡೆದಾಡಿಕೊಂಡು ಮುಗಿಸಬಹುದು. ಅವರೂ ಅಂಚಿನ ಕಡೆ ಬೆನ್ನು ಹಾಕಿ ಹಿಂದೆ ಹಿಂದೆ ಹೆಜ್ಜೆ ಇಡುವ ಅಭ್ಯಾಸ ಬಿಡಬೇಕು.

ಏಣಿ ಹತ್ತಲೇಬೇಕಾದರೆ ಅಳತೆ ಹೀಗೆ: ಏಣಿ ಒರಗುವ ಜಾಗ ನಾಲ್ಕು ಮೀಟರ್ ಎತ್ತರವಿದ್ದರೆ ಅದರ ಬುಡ ಗೋಡೆಯಿಂದ ಒಂದು ಮೀಟರ್ ದೂರ ಇರಬೇಕು. ಮಾಡಿನ ಅಂಚಿನಿಂದ ಮೇಲಕ್ಕೆ ಇನ್ನೊಂದು ಮೀಟರ್ ಏಣಿ ಚಾಚಿರಬೇಕು. ಇಳಿಯುವಾಗ ಹಿಡಿಯಲು ಅದೇ ಆಧಾರ. ಕೆಳಗೆ ಒಬ್ಬರು ಏಣಿ ಹಿಡಿದು ನಿಂತಿರಲಿ. ನಮ್ಮಲ್ಲಿ ಆ ಕೆಲಸ ಮಗಳದು. ಬಕೆಟ್ಟನ್ನು ಹಗ್ಗ ಕಟ್ಟಿ ಎಳೆದುಕೊಳ್ಳುತ್ತೇನೆ, ಎರಡು ಕೈಯೂ ಏಣಿಗೇ ಮೀಸಲು. ಇಳಿಜಾರು ಮಾಡಿಗೆ ಕಾಲಿಡುವುದಾದರೆ ಗಟ್ಟಿಯಾದ ಆಧಾರಕ್ಕೆ ಬಿಗಿದ ಸುರಕ್ಷಾ ಪಟ್ಟಿ ಮೈಗೆ ಇರಲೇಬೇಕು. ಅದು ಇಲ್ಲದವರು, ಕಟ್ಟಿಕೊಳ್ಳಲು ಬಾರದವರು ಅದನ್ನೇ ವೃತ್ತಿ ಮಾಡಿಕೊಂಡವರಿಗೆ ಬಿಟ್ಟುಬಿಡಿ. ಸಿಮೆಂಟ್ ಶೀಟು, ಬೆಳಕಿಗೆಂದು ಹಾಕಿದ ಪ್ಲಾಸ್ಟಿಕ್ ಶೀಟು ಆಳಿನ ಭಾರ ತಡೆಯುವ ವಸ್ತುಗಳಲ್ಲ. ಮತ್ತು ಒಣ ಮಾಡು ಬೇರೆ, ನೀವೇ ನೀರು ಸುರಿದು ಒದ್ದೆ ಮಾಡಿದ ಮಾಡು ಬೇರೆ.

ಪ್ಯಾನಲ್ ಮೇಲೆ ಕಾಲಿಡುವವರಿಗೊಂದು ಲೆಕ್ಕ. ಐಇಸಿ 61215 ಎಂಬ ಮಾನದಂಡದ ಪರೀಕ್ಷೆಯಲ್ಲಿ 25 ಮಿಲಿಮೀಟರ್ ಮಂಜುಗಡ್ಡೆಯ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೆದರೂ ಪ್ಯಾನಲ್ ತಾಳಬೇಕು. ಇಡೀ ಮೈಮೇಲೆ ಹರಡಿದ 2400 ಪಾಸ್ಕಲ್ ಒತ್ತಡವನ್ನೂ ತಾಳಬೇಕು. ಇದನ್ನು ಕೇಳಿದವರು, ಹಾಗಾದರೆ ನನ್ನನ್ನು ತಾಳದೇ ಎನ್ನುತ್ತಾರೆ. ಎಪ್ಪತ್ತು ಕಿಲೊ ತೂಕದ ಮನುಷ್ಯ 25 ಚದರ ಸೆಂಟಿಮೀಟರಿನ ಒಂದು ಹಿಮ್ಮಡಿಯ ಮೇಲೆ ನಿಂತರೆ ಅಲ್ಲಿ ಬೀಳುವ ಒತ್ತಡ ಎರಡೂವರೆ ಲಕ್ಷ ಪಾಸ್ಕಲ್‌ಗಿಂತ ಹೆಚ್ಚು, ಅಂದರೆ ನೂರು ಪಟ್ಟು. ಗಾಜು ಒಡೆಯದೆ ಬಾಗಬಹುದು. ಅದರಡಿಯ ಸಿಲಿಕಾನ್ ಬಿಲ್ಲೆಯ ದಪ್ಪ ಮಿಲಿಮೀಟರಿನ ಐದನೆಯ ಒಂದು ಭಾಗವೂ ಇಲ್ಲ. ಅದು ಕಣ್ಣಿಗೆ ಕಾಣದಂತೆ ಸೀಳುತ್ತದೆ. ಅಂದು ಏನೂ ಆಗಿಲ್ಲವೆನಿಸಿ, ವರ್ಷ ಕಳೆದ ಮೇಲೆ ಆ ಪ್ಯಾನಲ್ ಸೊರಗುತ್ತದೆ. ಮೊಣಕಾಲು ಊರುವುದೂ ಬೇಡ, ಒರಗುವುದೂ ಬೇಡ.

ನೀರು, ಬ್ರಷ್, ಹೊತ್ತು

ನನ್ನ ಎರಡನೆಯ ತಪ್ಪು ನೀರಿನದು. ಕೊಳವೆ ಬಾವಿಯ ಗಡಸು ನೀರು ಸುರಿದು, ಬಿಸಿಲಿಗೆ ಆರಲು ಬಿಟ್ಟು ಕೆಳಗಿಳಿದಿದ್ದೆ. ಮರುದಿನ ನೋಡಿದರೆ ಹತ್ತೂ ಪ್ಯಾನಲ್‌ಗಳ ಮೇಲೆ ಬಿಳಿ ಚುಕ್ಕೆಗಳ ಜಾತ್ರೆ. ನೀರು ಆವಿಯಾಗಿ ಹೋಗುವಾಗ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಗಾಜಿನ ಮೇಲೆ ಉಳಿಯುತ್ತವೆ. ಒಂದೊಂದು ತೊಳೆತಕ್ಕೂ ಒಂದೊಂದು ಪದರ ಸೇರಿದರೆ ಧೂಳಿಗಿಂತ ಇದೇ ದೊಡ್ಡ ಪೀಡೆ.

ಹಿಡಿದಿಟ್ಟ ಮಳೆನೀರು ಈ ಕೆಲಸಕ್ಕೆ ಬಹಳ ಒಳ್ಳೆಯದು, ಸೋಸಿಕೊಳ್ಳಬೇಕಷ್ಟೆ. ಅದಿಲ್ಲವಾದರೆ ಸಿಗುವುದರಲ್ಲಿ ಮೆದುವಾದ ನೀರನ್ನು ಆರಿಸಿ. ನೀರಿನಲ್ಲಿ ಕರಗಿದ ಲವಣ ತೋರಿಸುವ ಸಣ್ಣ ಟಿಡಿಎಸ್ ಮೀಟರ್ ಒಂದಿದ್ದರೆ ಊಹೆ ಬೇಕಿಲ್ಲ. ಅದು ನೂರು ಪಿಪಿಎಂ (ಹತ್ತು ಲಕ್ಷ ಪಾಲಿಗೆ ನೂರು ಪಾಲು) ಒಳಗಿದ್ದರೆ ನಾನು ಯೋಚಿಸುವುದಿಲ್ಲ. ನಾನೂರು ಐನೂರು ಇದ್ದರೆ ಒಂದು ಹನಿಯನ್ನೂ ಗಾಜಿನ ಮೇಲೆ ಆರಲು ಬಿಡುವುದಿಲ್ಲ, ರಬ್ಬರ್ ವೈಪರ್‌ನಿಂದ ಎಳೆದುಬಿಡುತ್ತೇನೆ. ಮನೆಯ ಆರ್‌ಓ ಯಂತ್ರ ಹೊರಗೆ ಬಿಡುವ ನೀರು ವ್ಯರ್ಥವಾಗುತ್ತದಲ್ಲ, ಪ್ಯಾನಲ್‌ಗೆ ಬಳಸೋಣ ಎನ್ನುವವರಿದ್ದಾರೆ. ಯಂತ್ರ ಬೇಡವೆಂದು ಬೇರ್ಪಡಿಸಿದ ಲವಣವೆಲ್ಲ ಅದರಲ್ಲೇ ಇರುತ್ತದೆ. ನೆಲ ತೊಳೆಯಲು ಬಳಸಿ.

ಒತ್ತಡದಿಂದ ನೀರು ಚಿಮ್ಮಿಸುವ ಕಾರು ತೊಳೆಯುವ ಯಂತ್ರವನ್ನು ಪ್ಯಾನಲ್ ಹತ್ತಿರ ತರಬೇಡಿ. ಗಾಜು ಮತ್ತು ಚೌಕಟ್ಟಿನ ನಡುವಿನ ಅಂಟನ್ನು ಅದು ಕಿತ್ತುಹಾಕಬಹುದು, ಜಂಕ್ಷನ್ ಬಾಕ್ಸ್‌ನೊಳಗೆ ನೀರು ನುಗ್ಗಿಸಬಹುದು; ಖಾತರಿಯೂ ಹೋದೀತು. ಸಾಬೂನು, ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ದ್ರವ ಇವೂ ಬೇಡ. ಅವುಗಳ ಜಿಡ್ಡು ಸ್ವಲ್ಪ ಉಳಿದರೂ ಅದರ ಮೇಲೆ ಹೊಸ ಧೂಳು ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಬ್ರಷ್ಷಿನ ಕೂದಲು ಎಷ್ಟು ಮೃದುವಾಗಿರಬೇಕು? ನಾನು ಕೆನ್ನೆಗೆ ಉಜ್ಜಿ ನೋಡುತ್ತೇನೆ. ಕೆನ್ನೆ ಉರಿದರೆ ಆ ಬ್ರಷ್ ಬಚ್ಚಲಿಗೆ. ಕೂದಲಿನ ಬುಡದಲ್ಲಿರುವ ಪ್ಲಾಸ್ಟಿಕ್ ಪಟ್ಟಿಯಾಗಲಿ ಕೋಲಿನ ಲೋಹದ ತುದಿಯಾಗಲಿ ಗಾಜಿಗೆ ತಾಗುವಂತಿರಬಾರದು. ನೆಲ ಗುಡಿಸಿದ, ಗೋಡೆ ತಿಕ್ಕಿದ ಬ್ರಷ್ ಖಂಡಿತ ಬೇಡ. ಅದರೊಳಗೆ ಮರಳು ಮನೆ ಮಾಡಿರುತ್ತದೆ.

ಹೊತ್ತಿನ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ: ಬೆಳಕು ಹರಿದ ಕೂಡಲೇ, ಬಿಸಿಲೇರುವ ಮುನ್ನ. ನಡುಹಗಲಿನಲ್ಲಿ ಗಾಜು ಅರವತ್ತು ಡಿಗ್ರಿ ದಾಟಿ ಕಾದಿರಬಹುದು. ಅದರ ಮೇಲೆ ತಣ್ಣೀರು ಸುರಿದರೆ ಗಾಜಿನ ಒಂದು ಕಡೆ ಥಟ್ಟನೆ ಕುಗ್ಗಿ, ಮೊದಲೇ ಎಲ್ಲಾದರೂ ಪೆಟ್ಟು ತಿಂದಿದ್ದ ಗಾಜು ಒಡೆಯಬಹುದು. ಒಡೆಯದಿದ್ದರೂ ನೀರು ಉಜ್ಜುವ ಮೊದಲೇ ಆರಿ ಕಲೆಯಾಗುತ್ತದೆ. ಮುಂಜಾನೆಯ ಇಬ್ಬನಿ ಬಿದ್ದಿದ್ದರಂತೂ ಧೂಳು ತಾನೇ ನೆನೆದು ಕೂತಿರುತ್ತದೆ, ಅರ್ಧ ಕೆಲಸ ಪುಕ್ಕಟೆ. ಸಂಜೆ ತೊಳೆಯುವವರು ಗಾಜು ಕೈ ಮುಟ್ಟುವಷ್ಟು ತಣಿಯಲು ಕಾಯಬೇಕು, ಕತ್ತಲಾಗುವ ಮೊದಲು ಇಳಿಯಲೂಬೇಕು. ಆ ನಡುವಿನ ಸಮಯ ಯಾವಾಗಲೂ ನಾವೆಣಿಸಿದ್ದಕ್ಕಿಂತ ಕಡಿಮೆ. ಗಾಳಿ ಜೋರಾಗಿರುವ ದಿನ, ಗುಡುಗಿನ ಮೋಡ ಕಟ್ಟಿದ ದಿನ ಕೆಲಸ ಮುಂದೂಡಿ.

ತೊಳೆತ

ಮೊದಲು ನೀರು ಮಾತ್ರ. ಪೈಪಿನ ಬಾಯಿಯನ್ನು ಬೆರಳಿನಿಂದ ಅದುಮಿ ಚಿಮ್ಮಿಸದೆ, ಮೇಲಂಚಿನಿಂದ ತೆಳುವಾಗಿ ಹರಿಯಬಿಡಿ. ನೀರು ಕೆಳಗಿಳಿಯುತ್ತಾ ಸಡಿಲವಾದ ಕಣಗಳನ್ನೆಲ್ಲ ಹೊತ್ತೊಯ್ಯಲಿ. ಸಾಲಿನ ಎಲ್ಲ ಪ್ಯಾನಲ್‌ಗಳಿಗೂ ಹೀಗೆ ನೀರು ಕೊಟ್ಟು ಐದು ನಿಮಿಷ ಸುಮ್ಮನಿರಿ. ಈ ಐದು ನಿಮಿಷ ಕಾಯಲಾರದ ಕೈಗಳೇ ಗಾಜು ಗೀರುವುದು. ಮತ್ತೊಮ್ಮೆ ನೀರು ಹರಿಸಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿದಿರುತ್ತದೆ, ಬ್ರಷ್ ಒದ್ದೆಯಾಗುವುದೇ ಇಲ್ಲ.

ಬ್ರಷ್ ಬೇಕಾದರೆ ಒಂದೊಂದೇ ಪ್ಯಾನಲ್ ಹಿಡಿಯಿರಿ. ಗಾಜಿನ ಮೇಲೆ ನೀರು ಹರಿಯುತ್ತಿರುವಾಗಲೇ ಬ್ರಷ್ಷನ್ನು ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿಗೆ ಎಳೆಯಿರಿ. ವೃತ್ತಾಕಾರದ ತಿಕ್ಕಾಟ ಬೇಡ. ಅದು ಒಂದೇ ಕಣವನ್ನು ಅಲ್ಲಲ್ಲೇ ಸುತ್ತಿಸುತ್ತದೆ. ಬ್ರಷ್ಷಿನ ಸ್ವಂತ ಭಾರವೇ ಸಾಕು, ನಿಮ್ಮ ತೋಳಿನ ಬಲವನ್ನು ಸೇರಿಸಬೇಡಿ. ಎರಡು ಮೂರು ಎಳೆತಕ್ಕೊಮ್ಮೆ ಬ್ರಷ್ಷನ್ನು ಒಂದು ಬಕೆಟ್ಟಿನಲ್ಲಿ ಅದ್ದಿ ಕೊಡವಿ, ಇನ್ನೊಂದರಲ್ಲಿ ತಿಳಿನೀರು ಹೀರಿಸಿ. ಒಂದೇ ಬಕೆಟ್ ಇಟ್ಟುಕೊಂಡರೆ ತೆಗೆದ ಮರಳನ್ನೇ ಮತ್ತೆ ಗಾಜಿಗೆ ಬಡಿಸಿದಂತೆ. ಒಂದು ಪ್ಯಾನಲ್ ಮುಗಿದ ಕೂಡಲೇ ಅದರ ಮೇಲೆ ನೀರು ಹರಿಸಿ ಮುಂದಕ್ಕೆ ಹೋಗಿ.

ಕೆಳಚೌಕಟ್ಟಿನ ಕೆಸರಿನ ಪಟ್ಟಿಗೆ ನೆನೆದ ಬಟ್ಟೆಯೇ ಮದ್ದು. ದಪ್ಪ ಬಟ್ಟೆಯನ್ನು ತೋಯಿಸಿ ಹತ್ತು ನಿಮಿಷ ಅಂಚಿನುದ್ದಕ್ಕೂ ಹಾಸಿ, ಆಮೇಲೆ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಎಬ್ಬಿಸಿ. ಗಾಜು ಚೌಕಟ್ಟಿಗೆ ಸೇರುವಲ್ಲಿ ಸಣ್ಣಗೆ ಕಾಣುವ ಅಂಟನ್ನು ಉಗುರಿನಿಂದಾಗಲಿ ಚಾಕುವಿನಿಂದಾಗಲಿ ಕೆದಕಬೇಡಿ. ಒಳಕ್ಕೆ ತೇವ ಹೋಗದಂತೆ ಕಾಯುತ್ತಿರುವುದೇ ಅದು. ಚೌಕಟ್ಟಿನ ತಳದಲ್ಲಿ ಪುಟ್ಟ ರಂಧ್ರಗಳು ಕಂಡರೆ ಅವು ನೀರು ಇಳಿಯಲೆಂದೇ ಮಾಡಿದವು. ಯಾರೋ ಪುಣ್ಯಾತ್ಮರು ಸೋರುತ್ತದೆಂದು ಅವಕ್ಕೆ ಸಿಲಿಕೋನ್ ತುಂಬಿದ್ದನ್ನೂ ಕಂಡಿದ್ದೇನೆ.

ಪ್ಯಾನಲ್‌ನ ಹಿಂಬದಿಯನ್ನು ತೊಳೆಯುವ ಅಗತ್ಯವಿಲ್ಲ. ಎರಡೂ ಬದಿಯಿಂದ ಬೆಳಕು ಹೀರುವ ಪ್ಯಾನಲ್ ಆಗಿದ್ದರೂ ಕೆಳಗಿನಿಂದ ನೀರು ಹಾರಿಸದೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು, ಅದೂ ತಂತಿಗಳನ್ನು ಮುಟ್ಟದೆ ಕೈಗೆಟಕುವಷ್ಟು ಮಾತ್ರ. ಅಡಿಯಲ್ಲಿ ತರಗೆಲೆ ಸೇರಿದ್ದರೆ ಮಾತ್ರ ತೆಗೆಯಲೇಬೇಕು. ಗಾಳಿಯಾಡದೆ ಪ್ಯಾನಲ್ ಹೆಚ್ಚು ಕಾಯುತ್ತದೆ, ಎಲ್ಲಾದರೂ ಕಿಡಿ ಹಾರಿದರೆ ಒಣಗಿದ ಎಲೆ ಸೌದೆಯಾಗುತ್ತದೆ. ಮರದ ಕೋಲಿನಿಂದ, ತಂತಿಗೆ ಸಿಕ್ಕಿಸದೆ, ನಿಧಾನವಾಗಿ ಹೊರಕ್ಕೆ ಎಳೆಯಿರಿ. ಅಲ್ಲಿ ಹಕ್ಕಿ ಗೂಡು ಕಟ್ಟಿ ಮರಿಗಳಿದ್ದರೆ ಅವು ಹಾರುವವರೆಗೆ ಕಾಯಿರಿ.

ಹಟದ ಕಲೆಗಳು

ಒಣಗಿದ ಹಿಕ್ಕೆಗೆ ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ಬಿಡಿ. ಬಟ್ಟೆ ಆರಿದರೆ ಮತ್ತೆ ತೋಯಿಸಿ. ಆಮೇಲೆ ಬಟ್ಟೆಯನ್ನು ಅತ್ತಿತ್ತ ಉಜ್ಜದೆ, ಹಿಕ್ಕೆಯನ್ನು ಚಿವುಟಿ ಎತ್ತಿಕೊಳ್ಳುವಂತೆ ತೆಗೆಯಿರಿ. ಹಿಕ್ಕೆಯೊಳಗೂ ಮರಳು, ಬೀಜದ ಚೂರುಗಳಿರುತ್ತವೆ. ಹೋಗದಿದ್ದರೆ ಇನ್ನೂ ಕಾಲು ಗಂಟೆ. ಅದು ಒಂದೇ ದಿನದಲ್ಲಿ ಹೋಗಬೇಕೆಂಬ ಹಟ ನನಗಿದ್ದದ್ದಕ್ಕೇ ಏಳನೆಯ ಪ್ಯಾನಲ್ ಹಾಗಾದದ್ದು.

ಮರದ ಅಂಟು, ಹೊಗೆಯ ಜಿಡ್ಡಿಗೆ ನೀರು ಬಗ್ಗುವುದಿಲ್ಲ. ತಯಾರಕರ ಕೈಪಿಡಿ ಒಪ್ಪಿದ್ದರೆ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಮೈಕ್ರೋಫೈಬರ್ ಬಟ್ಟೆಗೆ ಹಾಕಿಕೊಂಡು ಆ ಕಲೆಯಷ್ಟಕ್ಕೇ ಒತ್ತಿ ತೆಗೆಯಿರಿ, ಗಾಜಿನ ಮೇಲೆ ಸುರಿಯಬೇಡಿ. ಅದು ಬೆಂಕಿ ಹಿಡಿಯುವ ವಸ್ತು. ತಣ್ಣಗಿನ ಗಾಜಿನ ಮೇಲೆ ಮಾತ್ರ ಬಳಸಬೇಕು. ಗಡಸು ನೀರಿನ ಬಿಳಿ ಕಲೆಗಳಿಗೆ ತುಂಬ ನೀರು ಬೆರೆಸಿದ ಬಿಳಿ ವಿನೆಗರ್ ಕೆಲಸ ಮಾಡುತ್ತದೆ. ಅದಕ್ಕೂ ಕೈಪಿಡಿಯ ಒಪ್ಪಿಗೆ ಬೇಕು, ಹಚ್ಚಿದ ಕೂಡಲೇ ತೊಳೆಯಬೇಕು, ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ನಿಲ್ಲಲು ಬಿಡಬಾರದು. ಶೌಚಾಲಯ ತೊಳೆಯುವ ಆಮ್ಲ, ಕಾಸ್ಟಿಕ್ ಸೋಡಾ, ಬ್ಲೀಚ್ ಇವು ಲೇಪವನ್ನೂ ಚೌಕಟ್ಟನ್ನೂ ತಿನ್ನುತ್ತವೆ.

ಕಲ್ಲುಹೂವು ಅಂಚಿನಿಂದ ಗಾಜಿಗೆ ಹತ್ತಿದ್ದರೆ ಅದನ್ನು ಪೂರ್ತಿ ತೆಗೆಯುವ ಆಸೆ ಬಿಡಿ. ಚೆನ್ನಾಗಿ ನೆನೆಸಿ ಬಂದಷ್ಟು ತೆಗೆದು, ಉಳಿದದ್ದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ಬ್ಲೇಡು, ಉಕ್ಕಿನ ಉಣ್ಣೆ, ಹಸಿರು ನಾರು ಇವನ್ನು ಏಣಿ ಹತ್ತುವಾಗ ಜೇಬಿನಲ್ಲೂ ಇಟ್ಟುಕೊಳ್ಳಬೇಡಿ. ಇದ್ದರೆ ಕೈ ಹೋಗಿಯೇ ಹೋಗುತ್ತದೆ, ನನ್ನನ್ನು ಕೇಳಿ.

ಇಳಿದ ಮೇಲೆ

ನೀರು ಸುರಿಯುವುದು ನಿಂತ ಮೇಲೆ ಅರ್ಧ ಗಂಟೆ ಬಿಟ್ಟು ಸ್ವಿಚ್‌ಗಳನ್ನು ಹಿಂದುಮುಂದಾಗಿ ಹಾಕುತ್ತೇನೆ: ಮೊದಲು ಡಿಸಿ, ಆಮೇಲೆ ಎಸಿ. ಇನ್ವರ್ಟರ್ ಕೆಲವು ನಿಮಿಷ ತನ್ನನ್ನು ತಾನು ಪರೀಕ್ಷಿಸಿಕೊಂಡು ಕೆಲಸಕ್ಕೆ ಇಳಿಯುತ್ತದೆ. ಬದಲಿಗೆ ಕೆಂಪು ದೀಪ ಹತ್ತಿ, ಇನ್ಸುಲೇಷನ್ ಅಥವಾ ಅರ್ತ್ ದೋಷ ಎಂದು ತೋರಿಸಿದರೆ ಎಲ್ಲೋ ಕನೆಕ್ಟರ್‌ಗೋ ಸೀಳಿದ ತಂತಿಗೋ ನೀರು ತಾಗಿದೆ ಎಂದರ್ಥ. ಮತ್ತೆ ಮತ್ತೆ ಆರಿಸಿ ಹೊತ್ತಿಸಿ ನೋಡಬೇಡಿ, ಮಾಡು ಹತ್ತಿ ತಂತಿ ಹುಡುಕಲೂ ಹೋಗಬೇಡಿ. ಸ್ವಿಚ್‌ಗಳನ್ನು ಆರಿಸಿಡಿ. ಬಿಸಿಲಿಗೆ ಆರಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ದೋಷ ತಾನೇ ಮಾಯವಾಗಬಹುದು. ಹಾಗೆ ಮಾಯವಾದರೂ ತಂತ್ರಜ್ಞರನ್ನು ಕರೆಸಿ. ಮುಂದಿನ ಮಳೆಗೆ ಅದು ಅದೇ ಜಾಗದಲ್ಲಿ ಮತ್ತೆ ಬರುತ್ತದೆ.